ಸಾರಿ ಹಳ್ಳಿಯಿಂದ ದೇವರಿಯಾ ತಾಲ್‌ಗೆ: ಒಂದು ದಿನದ ಕಾಡುನಡಿಗೆಗೆ ಸಿದ್ಧತೆ

ಉತ್ತರಾಖಂಡದ ರುದ್ರಪ್ರಯಾಗ ಜಿಲ್ಲೆಯಲ್ಲಿ, ಊಖೀಮಠದಿಂದ ಚೋಪ್ತಾ ಕಡೆಗೆ ಏರುವ ರಸ್ತೆಯಿಂದ ಸ್ವಲ್ಪ ಒಳಗೆ ಸಾರಿ ಎಂಬ ಹಳ್ಳಿಯಿದೆ. ಅದರ ಬೆನ್ನಿಗಿರುವ ಗುಡ್ಡದ ನೆತ್ತಿಯಲ್ಲಿ, ಸಮುದ್ರಮಟ್ಟದಿಂದ 2,438 ಮೀಟರ್ ಎತ್ತರದಲ್ಲಿ, ಕಾಡು ಸುತ್ತುವರಿದ ಸಣ್ಣದೊಂದು ಕೆರೆಯಿದೆ. ಅದೇ ದೇವರಿಯಾ ತಾಲ್. ಪಾಂಡವರ ವನವಾಸದ ಕಾಲದಲ್ಲಿ ಯಕ್ಷನು ಧರ್ಮರಾಯನನ್ನು ಪ್ರಶ್ನಿಸಿದ ಕೊಳ ಇದೇ ಎಂಬುದು ಅಲ್ಲಿಯ ಜನರ ನಂಬಿಕೆ. ಆಕಾಶ ತಿಳಿಯಾಗಿರುವ ದಿನ 7,138 ಮೀಟರ್ ಎತ್ತರದ ಚೌಖಂಬಾ ಶಿಖರವು ತನ್ನ ನೆರೆಯ ಹಿಮಶಿಖರಗಳೊಂದಿಗೆ ಈ ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತದೆ.

ಹಳ್ಳಿಯಿಂದ ಕೆರೆಗೆ ಸುಮಾರು ಮೂರು ಕಿಲೋಮೀಟರ್ ಮಾತ್ರ. ದಾರಿ ಇಷ್ಟು ಚಿಕ್ಕದೆಂಬ ಕಾರಣಕ್ಕೇ ಬಹಳ ಜನ ಯಾವ ಸಿದ್ಧತೆಯೂ ಇಲ್ಲದೆ ಹೊರಡುತ್ತಾರೆ. ಬೆಳಿಗ್ಗೆ ಊಖೀಮಠದಲ್ಲಿ ನಿಧಾನವಾಗಿ ತಿಂಡಿ ಮುಗಿಸಿ, ಹನ್ನೊಂದು ಗಂಟೆಗೆ ಹತ್ತಲು ತೊಡಗಿ, ಮಧ್ಯಾಹ್ನ ಮೇಲೆ ತಲುಪುವ ಹೊತ್ತಿಗೆ ಶಿಖರಗಳು ಮೋಡದೊಳಗೆ ಸೇರಿರುತ್ತವೆ, ಗಾಳಿಗೆ ನೀರು ಕದಡಿರುತ್ತದೆ. ಇಷ್ಟು ದೂರ ಬಂದು ಒಂದು ಸಾಧಾರಣ ಹೊಂಡವನ್ನು ನೋಡಿ ಹಿಂದಿರುಗುವುದು ಯಾರಿಗೂ ಬೇಡ. ಆದ್ದರಿಂದ ಈ ನಡಿಗೆಯ ಯೋಜನೆಯನ್ನು ಕೆರೆಯ ದಡದಲ್ಲಿ ನಾವು ಇರಬೇಕಾದ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬರಬೇಕು. ಮುಂದಿನ ಎಲ್ಲ ಸಲಹೆಗಳೂ ಈ ಒಂದು ಲೆಕ್ಕಕ್ಕೆ ಹೊಂದಿಕೊಂಡಿವೆ.

ಮೊದಲು ತಿಂಗಳನ್ನು ಆರಿಸಿಕೊಳ್ಳಿ

ನೋಟವೇ ಮುಖ್ಯವಾದರೆ ಅಕ್ಟೋಬರ್ ಆರಂಭದಿಂದ ನವೆಂಬರ್ ಮಧ್ಯದವರೆಗಿನ ದಿನಗಳು ಅತ್ಯುತ್ತಮ. ಮಳೆಗಾಲ ಗಾಳಿಯನ್ನು ತೊಳೆದು ಹೋಗಿರುತ್ತದೆ, ಧೂಳೂ ಹೊಗೆಯೂ ಇರುವುದಿಲ್ಲ, ದೂರದ ಹಿಮದ ಅಂಚುಗಳು ಸ್ಪಷ್ಟವಾಗಿ ಕಾಣುತ್ತವೆ. ಕಾಡಿನ ಚೆಲುವು ಮುಖ್ಯವಾದರೆ ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗಿನ ಕಾಲವನ್ನು ಆರಿಸಿಕೊಳ್ಳಬೇಕು. ಆಗ ಉತ್ತರಾಖಂಡದ ರಾಜ್ಯವೃಕ್ಷವಾದ ಬುರಾಂಶ್ ಕೆಂಪಾಗಿ ಹೂಬಿಟ್ಟಿರುತ್ತದೆ. ನೀಲಗಿರಿಯ ಶೋಲಾ ಕಾಡುಗಳಲ್ಲಿ ಚಳಿಗಾಲದ ಹೊತ್ತಿಗೆ ಕೆಂಪು ಹೂವಿನ ರೋಡೋಡೆಂಡ್ರಾನ್ ಮರಗಳನ್ನು ಕಂಡವರು ಇದನ್ನು ಕೂಡಲೇ ಗುರುತಿಸುತ್ತಾರೆ, ಏಕೆಂದರೆ ಎರಡೂ ಒಂದೇ ಪ್ರಭೇದಕ್ಕೆ ಸೇರಿದ ಮರಗಳು. ಆದರೆ ಉತ್ತರಾಖಂಡದಲ್ಲಿ ಫೆಬ್ರವರಿ 15ರಿಂದ ಜೂನ್ 15ರವರೆಗಿನ ಅವಧಿಯನ್ನು ಕಾಡ್ಗಿಚ್ಚಿನ ಕಾಲವೆಂದು ಪರಿಗಣಿಸಲಾಗುತ್ತದೆ. ಆ ದಿನಗಳಲ್ಲಿ ತಗ್ಗಿನ ಪೈನ್ ಕಾಡುಗಳಿಗೆ ಬೆಂಕಿ ಬಿದ್ದರೆ ಹೊಗೆ ಕಣಿವೆಯನ್ನು ತುಂಬಿ ನೋಟವನ್ನು ಮಸುಕಾಗಿಸುವುದುಂಟು.

ಮೇ ಮತ್ತು ಜೂನ್ ತಿಂಗಳಲ್ಲಿ ಹೋಗುವುದನ್ನು ನಾನು ಸಲಹೆ ಮಾಡುವುದಿಲ್ಲ. ಕಾಡು ಆಗಲೂ ಚೆನ್ನಾಗಿಯೇ ಇರುತ್ತದೆ, ಆದರೆ ರುದ್ರಪ್ರಯಾಗದಿಂದ, ಊಖೀಮಠದ ದಾರಿ ಕವಲೊಡೆಯುವ ಕುಂಡ್‌ವರೆಗಿನ ರಸ್ತೆಯೇ ಕೇದಾರನಾಥ ಯಾತ್ರೆಯ ರಸ್ತೆಯೂ ಆಗಿರುವುದರಿಂದ ವಾಹನಗಳ ಸಾಲಿನಲ್ಲಿ ಅರ್ಧ ದಿನ ಕಳೆದುಹೋಗಬಹುದು. ಜೂನ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಹೋಗಲೇಬಾರದು. ಮಂದಾಕಿನಿ ಕಣಿವೆಯ ಇಳಿಜಾರುಗಳು ಮಳೆಗೆ ಕುಸಿಯುತ್ತವೆ. 2013ರ ಜೂನ್‌ನಲ್ಲಿ ಕೇದಾರನಾಥದಿಂದ ಕೆಳಗೆ ಈ ಕಣಿವೆಯಲ್ಲಿ ನಡೆದ ಅನಾಹುತವನ್ನು ಯಾರೂ ಮರೆತಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮೇಲೆ ಹಿಮ ಬೀಳುತ್ತದೆ ಮತ್ತು ಕಲ್ಲು ಹಾಸಿದ ದಾರಿಯ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಶೂಗೆ ತೊಡಿಸುವ ಕಬ್ಬಿಣದ ಮುಳ್ಳುಪಟ್ಟಿ ಮತ್ತು ಸ್ಥಳೀಯ ಮಾರ್ಗದರ್ಶಿ ಇಲ್ಲದೆ ಆಗ ಹತ್ತುವುದು ಸರಿಯಲ್ಲ.

ಹಿಂದಿನ ರಾತ್ರಿ ಸಾರಿಯಲ್ಲೇ ತಂಗಿ

ಕರ್ನಾಟಕದಿಂದ ಹೋಗುವವರು ಡೆಹರಾಡೂನ್‌ವರೆಗೆ ವಿಮಾನದಲ್ಲಿ ಅಥವಾ ಹರಿದ್ವಾರ, ಋಷಿಕೇಶಗಳವರೆಗೆ ರೈಲಿನಲ್ಲಿ ತಲುಪಿ, ಅಲ್ಲಿಂದ ರಸ್ತೆ ಹಿಡಿಯಬೇಕು. ಋಷಿಕೇಶದಿಂದ ರುದ್ರಪ್ರಯಾಗಕ್ಕೆ ಸುಮಾರು 140 ಕಿಲೋಮೀಟರ್, ಅಲ್ಲಿಂದ ಮಂದಾಕಿನಿಯ ದಡ ಹಿಡಿದು ಊಖೀಮಠಕ್ಕೆ ಇನ್ನೂ ಸುಮಾರು 40 ಕಿಲೋಮೀಟರ್. ನಕ್ಷೆಯಲ್ಲಿ ನೋಡಿದಾಗ ನಾಲ್ಕು ಗಂಟೆಯ ದಾರಿಯಂತೆ ತೋರಿದರೂ ಘಟ್ಟದ ತಿರುವುಗಳು, ರಸ್ತೆ ಕಾಮಗಾರಿ, ಅಲ್ಲಲ್ಲಿ ಉರುಳಿದ ಕಲ್ಲುಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಏಳೆಂಟು ಗಂಟೆ ಮೀಸಲಿಡಬೇಕು. ಗುಡ್ಡಗಾಡಿನ ಬಸ್ಸುಗಳು ನಸುಕಿನಲ್ಲೇ ಹೊರಡುತ್ತವೆ. ಬೆಳಿಗ್ಗೆ ಎಂಟಕ್ಕೆ ನಿಲ್ದಾಣಕ್ಕೆ ಹೋದರೆ ನೇರ ಬಸ್ಸು ಸಿಗುವುದು ಕಷ್ಟ. ಬಸ್ಸು ತಪ್ಪಿದರೆ ಶೇರ್ ಜೀಪಿನಲ್ಲಿ ರುದ್ರಪ್ರಯಾಗದವರೆಗೆ ಹೋಗಿ, ಅಲ್ಲಿ ಇನ್ನೊಂದನ್ನು ಹಿಡಿಯಬಹುದು.

ಊಖೀಮಠದಿಂದ ಸಾರಿಗೆ ಹದಿನಾಲ್ಕು ಕಿಲೋಮೀಟರ್‌ನ ಆಸುಪಾಸು. ಊಖೀಮಠದಲ್ಲೇ ಎಟಿಎಮ್‌ನಿಂದ ನಗದು ತೆಗೆದುಕೊಳ್ಳಿ, ಔಷಧಿ ಏನಾದರೂ ಬೇಕಿದ್ದರೆ ಅಲ್ಲೇ ಕೊಳ್ಳಿ, ಏಕೆಂದರೆ ಮುಂದೆ ಇವೆರಡನ್ನೂ ನಂಬಿಕೊಳ್ಳುವಂತಿಲ್ಲ. ಆ ಊರಿನಲ್ಲಿ ಉಳಿಯುವ ಆಸೆ ಸಹಜ, ಹಾಗಿದ್ದರೂ ಹಿಂದಿನ ರಾತ್ರಿಯ ವಾಸ್ತವ್ಯ ಸಾರಿಯಲ್ಲೇ ಇರಲಿ. ನಸುಕಿನಲ್ಲಿ ಊಖೀಮಠದಿಂದ ಮೇಲಕ್ಕೆ ಶೇರ್ ಜೀಪು ಸಿಗುವುದಿಲ್ಲ, ಬಾಡಿಗೆ ಗಾಡಿಯ ಚಾಲಕ ಹೇಳಿದ ಹೊತ್ತಿಗೆ ಬಾರದಿದ್ದರೆ ಇಡೀ ದಿನದ ಲೆಕ್ಕವೇ ತಪ್ಪುತ್ತದೆ. ಸಾರಿಯಲ್ಲಿ ಹಳ್ಳಿಯವರೇ ನಡೆಸುವ ಹೋಮ್‌ಸ್ಟೇಗಳೂ ಸಣ್ಣ ವಸತಿಗೃಹಗಳೂ ಇವೆ.

ಸಂಜೆ ಕತ್ತಲಾಗುವ ಮುನ್ನ ಮನೆಯವರ ಬಳಿ ಕುಳಿತು ನಾಲ್ಕು ವಿಷಯಗಳನ್ನು ವಿಚಾರಿಸಬೇಕು: ಅರಣ್ಯ ಇಲಾಖೆಯ ಪ್ರವೇಶ ಶುಲ್ಕ ಈಗ ಎಷ್ಟು ಮತ್ತು ಎಲ್ಲಿ ಕಟ್ಟಬೇಕು, ಗೇಟು ಎಷ್ಟು ಹೊತ್ತಿಗೆ ತೆರೆಯುತ್ತದೆ, ಈ ವಾರ ಮಧ್ಯಾಹ್ನದ ನಂತರ ಮಳೆಯಾಗಿದೆಯೇ, ಆಸುಪಾಸಿನಲ್ಲಿ ಕರಡಿ ಕಾಣಿಸಿಕೊಂಡಿದೆಯೇ. ಯಾವ ಜಾಲತಾಣಕ್ಕಿಂತಲೂ ಅವರ ಉತ್ತರ ತಾಜಾ. ಹಿಂದಿ ತಡವರಿಸಿದರೂ ಚಿಂತೆಯಿಲ್ಲ. ಗಂಡಸರನ್ನು ಭೈಜಿ, ಹೆಂಗಸರನ್ನು ದೀದಿ ಎಂದು ಕರೆದು ಮಾತು ಆರಂಭಿಸಿದರೆ ಉಳಿದದ್ದನ್ನು ಅವರೇ ಮುಂದುವರಿಸುತ್ತಾರೆ. ನಾಳೆ ಎಷ್ಟು ಜನ ಹೋಗುತ್ತೀರಿ, ಎಷ್ಟು ಹೊತ್ತಿಗೆ ಹಿಂದಿರುಗುತ್ತೀರಿ ಎಂಬುದನ್ನೂ ಆಗಲೇ ಅವರಿಗೆ ತಿಳಿಸಿಡಿ. ಮೊಬೈಲ್ ಸಿಗ್ನಲ್ ಎಲ್ಲ ಕಡೆ ಇರದ ಜಾಗದಲ್ಲಿ ನಿಮ್ಮನ್ನು ಹುಡುಕಿಕೊಂಡು ಬರುವವರು ಅವರೇ. ಉತ್ತರಾಖಂಡದಲ್ಲಿ ತುರ್ತು ಸಹಾಯಕ್ಕೆ 112, ಆಂಬ್ಯುಲೆನ್ಸ್‌ಗೆ 108 ಎಂಬುದು ನೆನಪಿರಲಿ. ನಕ್ಷೆಯನ್ನು ಋಷಿಕೇಶದಲ್ಲಿರುವಾಗಲೇ ಫೋನಿಗೆ ಇಳಿಸಿಕೊಳ್ಳಿ.

ಗಡಿಯಾರದ ಲೆಕ್ಕ

ಬೆಳಗಿನ ಹೊತ್ತೇ ಏಕೆ ಎಂಬುದಕ್ಕೆ ಕಾರಣವಿದೆ. ರಾತ್ರಿ ತಣಿದ ಗಾಳಿ ಭಾರವಾಗಿ ಕಣಿವೆಗೆ ಇಳಿದುಬಿಡುತ್ತದೆ, ಮುಂಜಾನೆ ಗುಡ್ಡದ ಮೇಲೆ ಹೆಚ್ಚುಕಡಿಮೆ ಗಾಳಿಯ ಚಲನೆಯೇ ಇರುವುದಿಲ್ಲ. ಬಿಸಿಲೇರಿ ಇಳಿಜಾರುಗಳು ಕಾದಂತೆ ಕಣಿವೆಯ ತೇವ ತುಂಬಿದ ಗಾಳಿ ಮೇಲಕ್ಕೆ ಬರುತ್ತದೆ, ಅದೇ ತೇವ ಶಿಖರಗಳ ಸುತ್ತ ಮೋಡವಾಗಿ ಕಟ್ಟುತ್ತದೆ. ಹೀಗಾಗಿ ನಿಶ್ಚಲ ನೀರು ಮತ್ತು ತೆರೆದ ಶಿಖರ ಇವೆರಡೂ ಒಟ್ಟಿಗೆ ಸಿಗುವುದು ಸೂರ್ಯೋದಯದಿಂದ ಮುಂದಿನ ಎರಡು ಮೂರು ಗಂಟೆಗಳಲ್ಲಿ. ಹತ್ತು ಗಂಟೆಯ ನಂತರ ಶಿಖರ ಕಂಡರೆ ಅದು ಆ ದಿನದ ಅದೃಷ್ಟ.

ಹತ್ತಲು ಬೇಕಾದ ಹೊತ್ತನ್ನು ಅಂದಾಜಿಸಲು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಪ್ರತಿ ಐದು ಕಿಲೋಮೀಟರ್‌ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಸಾರಿ ಸುಮಾರು 2,000 ಮೀಟರ್ ಎತ್ತರದಲ್ಲಿದೆ, ಅಂದರೆ ಏರಿಕೆ 400 ಮೀಟರ್‌ಗಿಂತ ಸ್ವಲ್ಪ ಹೆಚ್ಚು. ಮೂರು ಕಿಲೋಮೀಟರ್‌ಗೆ 36 ನಿಮಿಷ, ಏರಿಕೆಗೆ 40ರಿಂದ 45 ನಿಮಿಷ, ಒಟ್ಟು ಒಂದು ಗಂಟೆ ಇಪ್ಪತ್ತು ನಿಮಿಷ. ಆದರೆ ಈ ಸೂತ್ರ ನಡೆದು ಪಳಗಿದವರಿಗೆ ಮತ್ತು ವಿಶ್ರಾಂತಿಯನ್ನು ಬಿಟ್ಟು ಹೇಳಿದ್ದು. ಬಯಲುಸೀಮೆಯಿಂದ ನೇರವಾಗಿ ಬಂದವರು, ಅದರಲ್ಲೂ ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೋಗುವವರು ಎರಡು ಗಂಟೆ ಎಂದೇ ಹಿಡಿಯಬೇಕು.

ಅಕ್ಟೋಬರ್ ಮಧ್ಯದಲ್ಲಿ ಅಲ್ಲಿ ಸೂರ್ಯೋದಯ ಸುಮಾರು 6.15ಕ್ಕೆ, ಏಪ್ರಿಲ್ ಮಧ್ಯದಲ್ಲಿ ಸುಮಾರು 5.50ಕ್ಕೆ. ಸೂರ್ಯ ಹುಟ್ಟುವ ಕ್ಷಣದಲ್ಲೇ ದಡದಲ್ಲಿರಬೇಕೆಂದು ನಾಲ್ಕು ಗಂಟೆಗೆ ಟಾರ್ಚ್ ಹಿಡಿದು ಹೊರಡುವವರಿದ್ದಾರೆ. ಇದು ಹಿಮಾಲಯದ ಕಪ್ಪು ಕರಡಿ ಮತ್ತು ಚಿರತೆ ಓಡಾಡುವ ಕಾಡು, ನಸುಕಿನ ಕತ್ತಲು ಅವುಗಳ ಸಂಚಾರದ ಹೊತ್ತು. ಸ್ಥಳೀಯ ಮಾರ್ಗದರ್ಶಿ ಜೊತೆಗಿದ್ದರೆ ಮಾತ್ರ ಕತ್ತಲಲ್ಲಿ ಹೊರಡಿ. ಇಲ್ಲದಿದ್ದರೆ ಸೂರ್ಯೋದಯಕ್ಕೆ ಇಪ್ಪತ್ತು ನಿಮಿಷ ಮೊದಲು, ದಾರಿಯ ಕಲ್ಲುಗಳು ಕಣ್ಣಿಗೆ ಕಾಣುವಷ್ಟು ಬೆಳಕಾದಾಗ ಹೆಜ್ಜೆಯಿಟ್ಟರೆ ಸಾಕು. ಅಕ್ಟೋಬರ್‌ನಲ್ಲಿ ಆರು ಗಂಟೆಗೆ ಹೊರಟವರು ನಿಧಾನವಾಗಿ ನಡೆದರೂ ಎಂಟರೊಳಗೆ ದಡದಲ್ಲಿರುತ್ತಾರೆ, ನೀರು ಆಗಲೂ ನಿಶ್ಚಲವಾಗಿಯೇ ಇರುವ ಸಾಧ್ಯತೆ ಹೆಚ್ಚು. ಗೇಟು ತೆರೆಯುವ ಹೊತ್ತು ಇದಕ್ಕಿಂತ ತಡವಾಗಿದ್ದರೆ ಹೊರಡುವ ಹೊತ್ತನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ.

ಚೀಲದಲ್ಲಿ ಏನಿರಬೇಕು

ಬಟ್ಟೆಯ ವಿಷಯದಲ್ಲಿ ನಮ್ಮವರು ಹೆಚ್ಚಾಗಿ ತಪ್ಪುವುದು ಒಂದೇ ದಪ್ಪ ಜಾಕೆಟ್ ಹಾಕಿಕೊಂಡು ಹೊರಡುವುದರಲ್ಲಿ. ಮೊದಲ ಅರ್ಧ ಗಂಟೆಯ ಏರಿನಲ್ಲೇ ಬೆವರು ಸುರಿದು ಒಳಗಿನ ಹತ್ತಿಯ ಬನಿಯನ್ ಒದ್ದೆಯಾಗುತ್ತದೆ, ಮೇಲೆ ತಲುಪಿ ಕುಳಿತ ಐದು ನಿಮಿಷಕ್ಕೆ ಅದೇ ಒದ್ದೆ ಬಟ್ಟೆ ಮೈ ನಡುಗಿಸುತ್ತದೆ. ಇದಕ್ಕೆ ಬದಲಾಗಿ ಬೇಗ ಒಣಗುವ ತೆಳು ಅಂಗಿ, ಅದರ ಮೇಲೆ ಉಣ್ಣೆಯ ಅಥವಾ ಫ್ಲೀಸ್ ಸ್ವೆಟರ್, ಮೇಲೆ ಗಾಳಿ ಮಳೆ ತಡೆಯುವ ಹಗುರ ಜಾಕೆಟ್ ಹೀಗೆ ಮೂರು ಪದರ ಇರಲಿ. ಹೊರಡುವಾಗ ಸ್ವಲ್ಪ ಚಳಿಯೆನಿಸುವಷ್ಟೇ ಹಾಕಿಕೊಂಡು, ಉಳಿದದ್ದನ್ನು ಚೀಲದಲ್ಲಿಟ್ಟು, ದಡ ಮುಟ್ಟಿದ ಕೂಡಲೇ ಒಣ ಅಂಗಿಗೆ ಬದಲಿಸಿಕೊಂಡು ಎಲ್ಲವನ್ನೂ ಹೊದೆಯಬೇಕು. ಕಿವಿ ಮುಚ್ಚುವ ಟೋಪಿ ಅಕ್ಟೋಬರ್‌ನಲ್ಲೂ ಬೇಕು. ನವೆಂಬರ್‌ನಲ್ಲಾದರೆ ಕೈಗವಸೂ ಬೇಕು, ಮೇಲಿನ ಬೆಳಗಿನ ಚಳಿ ಸೊನ್ನೆ ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ.

ಹಿಡಿತವಿರುವ ಅಟ್ಟೆಯ ಶೂ ಸಾಕು, ದುಬಾರಿ ಟ್ರೆಕ್ಕಿಂಗ್ ಬೂಟು ಬೇಕೆಂದಿಲ್ಲ. ಆದರೆ ಹೊಸ ಶೂ ಬೇಡ. ತಲೆಗೆ ಒಂದೂವರೆಯಿಂದ ಎರಡು ಲೀಟರ್ ನೀರು, ಒಂದು ಊರುಗೋಲು, ಟಾರ್ಚ್, ಗುಳ್ಳೆಗೆ ಹಚ್ಚುವ ಪಟ್ಟಿ, ದಿನವೂ ತೆಗೆದುಕೊಳ್ಳುವ ಮಾತ್ರೆಗಳು, ಕಸ ತುಂಬಿಕೊಂಡು ಬರಲು ಒಂದು ಖಾಲಿ ಚೀಲ, ಇಷ್ಟಿದ್ದರೆ ಸಾಕು. ತಿನ್ನಲು ಮನೆಯಿಂದಲೇ ತಂದ ಶೇಂಗಾ ಚಿಕ್ಕಿ, ಹುರಿಗಡಲೆ, ಖರ್ಜೂರ ಹಗುರವೂ ಹೌದು, ಕೆಡುವುದೂ ಇಲ್ಲ. ಹಿಂದಿನ ರಾತ್ರಿ ಹೇಳಿಟ್ಟರೆ ತಂಗಿದ ಮನೆಯವರು ಪರೋಟ ಕಟ್ಟಿಕೊಡುತ್ತಾರೆ, ಜೊತೆಗೆ ನಮ್ಮ ಚಟ್ನಿಪುಡಿ ಇದ್ದರೆ ಬುತ್ತಿ ಸಿದ್ಧ. ದಾರಿಯಲ್ಲಿ ಚಹಾ, ಮ್ಯಾಗಿ ಮಾರುವ ಸಣ್ಣ ಅಂಗಡಿಗಳಿದ್ದರೂ ಅಷ್ಟು ಬೆಳಿಗ್ಗೆ ತೆರೆದಿರುತ್ತವೆಂದು ನಂಬಬೇಡಿ. ಹಿಂದಿರುಗುವಾಗ ಅಲ್ಲಿ ಕುಳಿತು ಚಹಾ ಕುಡಿಯಿರಿ, ಆ ಹಣ ನೇರವಾಗಿ ಹಳ್ಳಿಗೆ ಸೇರುತ್ತದೆ.

ಎತ್ತರದ ಬಗ್ಗೆ ಆತಂಕಪಡುವವರಿಗೆ ಒಂದು ಮಾತು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಗಿಂತ ಈ ಕೆರೆ ಸುಮಾರು 500 ಮೀಟರ್ ಮೇಲಿದೆ. ಎತ್ತರದಿಂದ ಬರುವ ತಲೆನೋವು, ವಾಕರಿಕೆಗಳ ತೊಂದರೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಗಮನಿಸಬೇಕಾದ ಸಂಗತಿ, ಮತ್ತು ಹಿಂದಿನ ರಾತ್ರಿ ಸಾರಿಯಲ್ಲಿ ಮಲಗಿದವರಿಗೆ ಒಂದಿಷ್ಟು ಹೊಂದಿಕೆಯೂ ಆಗಿರುತ್ತದೆ. ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಹೊರಡಬೇಕು.

ಹತ್ತುವ ದಾರಿ

ಹಳ್ಳಿಯ ಅಂಚಿನಿಂದ ಕಲ್ಲು ಹಾಸಿದ ಕಾಲುದಾರಿ ಮನೆಗಳನ್ನೂ ಹೊಲಗಳನ್ನೂ ದಾಟಿ ಏರುತ್ತದೆ. ಸ್ವಲ್ಪ ಮೇಲೆ ಓಂಕಾರ ರತ್ನೇಶ್ವರ ಮಹಾದೇವನ ಹಳೆಯ ಕಲ್ಲಿನ ಗುಡಿಯಿದೆ. ಇಲ್ಲಿ ಉಸಿರು ಸುಧಾರಿಸಿಕೊಳ್ಳಬಹುದು. ಇಡೀ ಏರಿನಲ್ಲಿ ಪಕ್ಕದವರೊಡನೆ ಮಾತನಾಡಲು ಸಾಧ್ಯವಾಗುವಷ್ಟೇ ವೇಗವಿರಲಿ. ಮಾತು ತುಂಡಾಗುತ್ತಿದ್ದರೆ ವೇಗ ಹೆಚ್ಚಾಗಿದೆ ಎಂದರ್ಥ. ಗುಂಪಿನಲ್ಲಿ ಅತ್ಯಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡಿ, ಉಳಿದವರು ಅವರ ಹಿಂದೆ ಬರಲಿ. ತಿರುವುಗಳಲ್ಲಿ ಅಡ್ಡದಾರಿ ಹಿಡಿದು ಮೇಲೇರುವುದು ಬೇಡ, ಅದರಿಂದ ಮಣ್ಣು ಸಡಿಲಗೊಂಡು ಮಳೆಗಾಲದಲ್ಲಿ ದಾರಿಯೇ ಕೊಚ್ಚಿಹೋಗುತ್ತದೆ.

ಮೇಲೇರಿದಂತೆ ಬಾಂಝ್ ಎಂಬ ಓಕ್ ಮರಗಳು ಹೆಚ್ಚುತ್ತವೆ. ಬಿದ್ದಿರುವ ಒಂದು ಎಲೆಯನ್ನು ಎತ್ತಿ ನೋಡಿ: ಮೇಲ್ಭಾಗ ಹೊಳೆಯುವ ಕಡು ಹಸಿರು, ಅಂಚಿನಲ್ಲಿ ಗರಗಸದ ಹಲ್ಲು, ಬೆನ್ನಿನಲ್ಲಿ ಮಾತ್ರ ಬೂದಿ ಸವರಿದಂತಹ ಬಿಳುಪು. ಗಾಳಿ ಬೀಸಿದಾಗ ಇಡೀ ಮರ ಬಣ್ಣ ಬದಲಿಸಿದಂತೆ ಕಾಣುವುದು ಈ ಬಿಳುಪಿನಿಂದಲೇ. ಹಳ್ಳಿಯ ಹೆಂಗಸರು ದನಗಳ ಮೇವಿಗೆ ಈ ಸೊಪ್ಪನ್ನೇ ಹೊರೆ ಕಟ್ಟಿ ತರುತ್ತಾರೆ. ದಾರಿಯಲ್ಲಿ ಹೊರೆ ಹೊತ್ತವರು ಎದುರಾದರೆ ಗುಡ್ಡದ ಕಡೆಗೆ ಸರಿದು ನಿಂತು ಅವರಿಗೆ ದಾರಿ ಬಿಡಬೇಕು, ಕೇಳದೆ ಅವರ ಫೋಟೊ ತೆಗೆಯಬಾರದು. ಹೇಸರಗತ್ತೆಗಳು ಬಂದಾಗಲೂ ಗುಡ್ಡದ ಕಡೆಗೇ ನಿಲ್ಲಬೇಕು, ಕಣಿವೆಯ ಅಂಚಿಗೆ ಎಂದೂ ಸರಿಯಬಾರದು. ದಾರಿಯಂಚಿನ ಪೊದೆಗಳನ್ನು ಬರಿಗೈಯಲ್ಲಿ ಹಿಡಿಯಬೇಡಿ. ಸ್ಥಳೀಯರು ಬಿಚ್ಛೂ ಘಾಸ್ ಎನ್ನುವ ಗಿಡ ನಮ್ಮ ಮಲೆನಾಡಿನ ತುರಿಕೆ ಸೊಪ್ಪಿನ ಹಾಗೆಯೇ ಸೋಕಿದ ಕೂಡಲೇ ಉರಿ ಎಬ್ಬಿಸುತ್ತದೆ.

ಸಾಮಾನ್ಯ ದನಿಯಲ್ಲಿ ಮಾತನಾಡುತ್ತಾ ನಡೆದರೆ ಕರಡಿಗೆ ನಿಮ್ಮ ಸುಳಿವು ಮೊದಲೇ ಸಿಕ್ಕಿ ಅದು ದೂರ ಸರಿಯುತ್ತದೆ. ಸ್ಪೀಕರ್‌ನಲ್ಲಿ ಹಾಡು ಹಾಕುವ ಅಗತ್ಯವಿಲ್ಲ, ಹಾಕಬಾರದು ಕೂಡ, ಏಕೆಂದರೆ ಕಾಡಿಗಾಗಿಯೇ ಬಂದ ಇತರರಿಗೂ ಅಲ್ಲಿನ ಹಕ್ಕಿಗಳಿಗೂ ಅದು ಹಿಂಸೆ. ಆಕಸ್ಮಿಕವಾಗಿ ಕರಡಿ ಎದುರಾದರೆ ಓಡಬೇಡಿ. ಗುಂಪಾಗಿ ನಿಂತು, ಅದರ ಮೇಲೆ ಕಣ್ಣಿಟ್ಟು, ನಿಧಾನವಾಗಿ ಹಿಂದೆ ಸರಿಯಿರಿ.

ದಡದಲ್ಲಿ

ಹಿಮಶಿಖರಗಳು ಉತ್ತರಕ್ಕಿರುವುದರಿಂದ ಪ್ರತಿಬಿಂಬ ನೋಡಲು ದಕ್ಷಿಣದ ದಡಕ್ಕೆ ಹೋಗಿ ಉತ್ತರಕ್ಕೆ ಮುಖ ಮಾಡಿ ನಿಲ್ಲಬೇಕು. ತಲುಪಿದ ಕೂಡಲೇ ಮೊದಲು ಇದನ್ನು ಮಾಡಿ, ಬುತ್ತಿ ಆಮೇಲೆ ಬಿಚ್ಚಿ. ಒಂದು ಸುತ್ತು ಕೆರೆಯನ್ನು ಬಳಸಿ ಬಂದರೆ ಮರಗಳ ನಡುವಿನಿಂದ ಬೇರೆ ಬೇರೆ ಕೋನದ ನೋಟಗಳು ಸಿಗುತ್ತವೆ.

ಇದು ಹರಿಯುವ ನದಿಯಲ್ಲ, ಚಿಕ್ಕ ಕೆರೆ. ಬಿದ್ದ ಸೋಪು, ಎಣ್ಣೆ, ಪ್ಲಾಸ್ಟಿಕ್ ಎಲ್ಲವೂ ಅಲ್ಲೇ ಉಳಿಯುತ್ತವೆ. ಆದ್ದರಿಂದ ನೀರಿಗೆ ಇಳಿಯುವುದು, ತಟ್ಟೆ ಬಾಟಲಿ ತೊಳೆಯುವುದು ಬೇಡ. ಕಿತ್ತಳೆ ಸಿಪ್ಪೆ, ಮೊಟ್ಟೆಯ ಚಿಪ್ಪು ಮಣ್ಣಾಗುವಂಥವೇ ಎಂದು ಎಸೆಯುವವರಿದ್ದಾರೆ. ಆ ಚಳಿಯಲ್ಲಿ ಅವು ಕರಗಲು ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ಕಾಡುಪ್ರಾಣಿಗಳನ್ನು ಜನರ ಹತ್ತಿರಕ್ಕೆ ಎಳೆಯುತ್ತವೆ. ಎಲ್ಲವನ್ನೂ ಚೀಲಕ್ಕೆ ಹಾಕಿ ಕೆಳಗೆ ತನ್ನಿ. ಶೌಚಕ್ಕೆ ಹೋಗಲೇಬೇಕಾದರೆ ನೀರಿನಿಂದ ಕನಿಷ್ಠ 60 ಮೀಟರ್ ದೂರದಲ್ಲಿ, ಗೇಣುದ್ದ ಗುಂಡಿ ತೋಡಿ ಮುಚ್ಚಬೇಕು. ಬೆಂಕಿ ಹಾಕುವುದು, ಬೀಡಿ ಸಿಗರೇಟು ಸೇದುವುದು ಯಾವ ಕಾಲದಲ್ಲೂ ಸಲ್ಲದು. ಡೇರೆ ಹಾಕಿ ರಾತ್ರಿ ಉಳಿಯುವ ಆಲೋಚನೆಯನ್ನೂ ಬಿಡಿ. ಬುಗ್ಯಾಲ್ ಎಂದು ಕರೆಯುವ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ಉತ್ತರಾಖಂಡದ ಹೈಕೋರ್ಟ್ 2018ರಲ್ಲಿ ನಿಷೇಧಿಸಿದೆ, ಮತ್ತು ಹಗಲಿನ ನಡಿಗೆಯಲ್ಲೇ ಈ ಕೆರೆ ಪೂರ್ಣವಾಗಿ ದಕ್ಕುತ್ತದೆ.

ಇನ್ನಷ್ಟು ಕಾಡು ಬೇಕೆನ್ನುವವರಿಗೆ

ಒಂಬತ್ತೂವರೆಯ ಹೊತ್ತಿಗೆ ಕೆರೆಯ ನೋಟ ಮುಗಿದಿದ್ದರೆ, ಕಾಲಲ್ಲಿ ಶಕ್ತಿಯೂ ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೂ ಉಳಿದಿದ್ದರೆ, ಕೆರೆಯ ಆಚೆ ಗುಡ್ಡದ ಏಣಿನ ಮೇಲೆ ಸಾಗುವ ಕಾಲುದಾರಿಯಲ್ಲಿ ಸ್ವಲ್ಪ ದೂರ ಹೋಗಬಹುದು. ನನ್ನ ದೃಷ್ಟಿಯಲ್ಲಿ ಈ ಪ್ರದೇಶದ ನಿಜವಾದ ಕಾಡು ಇರುವುದು ಇಲ್ಲಿಂದ ಮುಂದೆ. ಓಕ್ ಮತ್ತು ಬುರಾಂಶ್ ಮರಗಳು ದಟ್ಟವಾಗಿ ಕೂಡಿಕೊಳ್ಳುತ್ತವೆ, ಕೊಂಬೆಗಳಿಂದ ಕಲ್ಲುಹೂವು ಜೋತಾಡುತ್ತದೆ, ಲಂಗೂರ್‌ಗಳ ಗುಂಪು ಎದುರಾಗುವುದು ಸಾಮಾನ್ಯ. ಈ ದಾರಿ ರೋಹಿಣಿ ಬುಗ್ಯಾಲ್ ಮೂಲಕ ಚೋಪ್ತಾದವರೆಗೆ ಹೋಗುತ್ತದೆ. ಅಷ್ಟೂ ದೂರ ನಡೆಯುವುದು ಒಂದು ಇಡೀ ದಿನದ ಕಠಿಣ ಕೆಲಸ, ದಾರಿಯ ಬಹುಭಾಗದಲ್ಲಿ ಕುಡಿಯುವ ನೀರಿಲ್ಲ, ಕವಲುಗಳು ಗೊಂದಲ ಹುಟ್ಟಿಸುತ್ತವೆ. ಮಾರ್ಗದರ್ಶಿಯಿಲ್ಲದೆ ಅದಕ್ಕೆ ಕೈಹಾಕಬಾರದು.

ಒಂದು ದಿನದ ನಡಿಗೆಗೆ ಬಂದವರು ಹಿಂದಿರುಗುವ ಹೊತ್ತನ್ನು ಮೊದಲೇ ನಿಗದಿ ಮಾಡಿಕೊಂಡು, ಉದಾಹರಣೆಗೆ ಹತ್ತೂವರೆ ಎಂದು ಇಟ್ಟುಕೊಂಡು, ಎಲ್ಲಿದ್ದರೂ ಆ ಹೊತ್ತಿಗೆ ಹಿಂದೆ ತಿರುಗಬೇಕು. ಮುಂದಿನ ತಿರುವಿನವರೆಗೆ ನೋಡಿಬರೋಣ ಎಂಬ ಆಸೆಗೆ ಕೊನೆಯಿರುವುದಿಲ್ಲ, ಮಧ್ಯಾಹ್ನದ ಗುಡುಗು ಮಳೆ ಮಾತ್ರ ಹೇಳದೆ ಬರುತ್ತದೆ. ಗುಡುಗು ಕೇಳಿದರೆ ಗುಡ್ಡದ ಏಣಿನಿಂದ ಕೆಳಗಿಳಿಯಬೇಕು, ಒಂಟಿ ಮರದ ಅಡಿಯಲ್ಲಿ ನಿಲ್ಲಬಾರದು.

ಇಳಿದು ಬಂದ ಮೇಲೆ

ಇಳಿಯಲು ಒಂದು ಗಂಟೆಯಿಂದ ಒಂದೂವರೆ ಗಂಟೆ ಸಾಕು. ಆದರೆ ಕಾಲು ಉಳುಕುವುದೂ ಜಾರಿ ಬೀಳುವುದೂ ಹೆಚ್ಚಾಗಿ ಇಳಿಯುವಾಗಲೇ, ಏಕೆಂದರೆ ಆಗ ಕಾಲು ದಣಿದಿರುತ್ತದೆ, ಗಮನ ಸಡಿಲವಾಗಿರುತ್ತದೆ. ಇಳಿಯುವ ಮುನ್ನ ಶೂ ದಾರವನ್ನು ಪಾದದ ಮೇಲ್ಭಾಗದಲ್ಲಿ ಬಿಗಿಯಾಗಿ ಕಟ್ಟಿಕೊಂಡರೆ ಬೆರಳುಗಳು ಮುಂದಕ್ಕೆ ಒತ್ತಿ ನೋಯುವುದಿಲ್ಲ. ಮೊಣಕಾಲನ್ನು ತುಸು ಬಗ್ಗಿಸಿ, ಊರುಗೋಲನ್ನು ಮುಂದೆ ಊರಿ, ಚಿಕ್ಕ ಹೆಜ್ಜೆಗಳಲ್ಲಿ ಇಳಿಯಬೇಕು. ಸಾರಿಗೆ ತಲುಪಿದ ಮೇಲೆ, ಹೇಳಿಟ್ಟ ಮನೆಯವರಿಗೆ ಹಿಂದಿರುಗಿದ್ದನ್ನು ಮರೆಯದೆ ತಿಳಿಸಿ.

ಮಧ್ಯಾಹ್ನದ ಊಟ ಮುಗಿಸಿ ಎರಡು ಗಂಟೆಯೊಳಗೆ ಹೊರಟರೆ ಊಖೀಮಠದ ಓಂಕಾರೇಶ್ವರ ದೇವಸ್ಥಾನಕ್ಕೆ ಹಗಲಿನಲ್ಲೇ ತಲುಪಬಹುದು. ಚಳಿಗಾಲದಲ್ಲಿ ಕೇದಾರನಾಥದ ಬಾಗಿಲು ಮುಚ್ಚಿದಾಗ ಉತ್ಸವಮೂರ್ತಿ ಬಂದು ನೆಲೆಸುವುದು ಇಲ್ಲಿಯೇ, ಮಧ್ಯಮಹೇಶ್ವರನ ಚಳಿಗಾಲದ ಪೂಜೆಯೂ ಇಲ್ಲಿಯೇ. ವೀರಶೈವ ಪಂಚಪೀಠಗಳಲ್ಲಿ ಒಂದಾದ ಕೇದಾರ ಪೀಠದ ನೆಲೆ ಈ ಊರು. ಕೇದಾರನಾಥದ ಪ್ರಧಾನ ಅರ್ಚಕರಾದ ರಾವಲರು ವೀರಶೈವ ಜಂಗಮ ಪರಂಪರೆಯವರು, ಕರ್ನಾಟಕದ ಜೊತೆ ಆ ಪರಂಪರೆಯ ನಂಟು ಬಹಳ ಹಳೆಯದು. ಇಲ್ಲಿ ಕನ್ನಡದ ಮಾತು ಕಿವಿಗೆ ಬಿದ್ದರೆ ಅಚ್ಚರಿಪಡಬೇಕಾಗಿಲ್ಲ. ಆ ರಾತ್ರಿ ಊಖೀಮಠದಲ್ಲೇ ತಂಗಿ, ಋಷಿಕೇಶದ ಕಡೆಗೆ ಹೋಗುವ ಮೊದಲ ಬಸ್ಸಿನ ಹೊತ್ತನ್ನು ಸಂಜೆಯೇ ನಿಲ್ದಾಣದಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಹಿಂದಿರುಗುವ ವಿಮಾನ ಅಥವಾ ರೈಲನ್ನು ಮರುದಿನ ರಾತ್ರಿಗೆ ಕಾಯ್ದಿರಿಸದೆ, ರಸ್ತೆ ಕುಸಿತಕ್ಕೆಂದು ಒಂದು ದಿನ ಕೈಯಲ್ಲಿಟ್ಟುಕೊಂಡು ಅದರ ಮರುದಿನಕ್ಕೆ ಕಾಯ್ದಿರಿಸುವುದು ಕ್ಷೇಮ.